ಕುಂಕುಮ ಹಚ್ಚಿದ ಫ್ಯಾಕ್ಸು

ಫ್ಯಾಕ್ಸ್ ಕಳಿಸುವುದು ಬಹಳ ಸುಲಭ. ಕಾಗದ ಇಡಬೇಕು, ನಂಬರು ಒತ್ತಬೇಕು, ಹಸಿರು ಗುಂಡಿ ಒತ್ತಬೇಕು. ಮುಗಿಯಿತು. ನಾನು ಮೂರನೆಯ ಇಯತ್ತೆಗೆ ಶಾಲೆ ಬಿಟ್ಟವಳು, ಖರೆ. ಆದರೆ ಅಂಕಿ ಗುರುತಿಸಲು ಬರುತ್ತದೆ, ಹಸಿರು ಯಾವುದು ಕೆಂಪು ಯಾವುದು ಗೊತ್ತಿದೆ, ಬೆರಳು ಇನ್ನೂ ಗಟ್ಟಿಯಾಗಿವೆ. ಇನ್ನೇನು ಬೇಕು? ಹೀಗೆಂದುಕೊಂಡು ಮೊಮ್ಮಗಳ ಮದುವೆಗೆ ನಾಲ್ಕು ದಿನ ಇರುವಾಗ ನಾನು ನಮ್ಮ ಮನೆಯ ಫ್ಯಾಕ್ಸ್ ಯಂತ್ರದ ಮುಂದೆ ಕಾಲು ಚಾಚಿ ಕುಳಿತೆ.

ನಾವು ಬೀದರ ಕಡೆಯವರು. ಸಂಭಾಜಿನಗರಕ್ಕೆ ಬಂದು ನನ್ನ ಹಲ್ಲೆಲ್ಲ ಉದುರುವಷ್ಟು ಕಾಲವಾಗಿದೆ. ಮಗ ರಾಜಶೇಖರ ಊರ ಹೊರಗಿನ ವಾಳೂಜಿನಲ್ಲಿ ರಬ್ಬರ್ ರಿಂಗು ಮಾಡಿಸುವ ಸಣ್ಣ ಕಾರ್ಖಾನೆ ಇಟ್ಟುಕೊಂಡಿದ್ದಾನೆ. ಅವನ ಮಾಲು ಕೊಳ್ಳುವ ಪರದೇಶದ ಗಿರಾಕಿಯೊಬ್ಬ ಇವತ್ತಿಗೂ ಆರ್ಡರನ್ನು ಫ್ಯಾಕ್ಸಿನಲ್ಲೇ ಕಳಿಸುತ್ತಾನೆ. ಅದಕ್ಕೇ ಆ ಯಂತ್ರ ಮನೆಯಲ್ಲಿ ಇನ್ನೂ ಉಳಿದಿದೆ. ರಸ್ತೆ ಅಗೆದವರು ಫೋನಿನ ತಂತಿ ಕಡಿದು ಹಾಕಿದರು, ಜೋಡಿಸಲು ಯಾರೂ ಬರಲಿಲ್ಲ. ಮಗ ಅಂಗೈಯಷ್ಟು ಅಗಲದ ಕಪ್ಪು ಡಬ್ಬಿಯೊಂದನ್ನು ತಂದ. ಅದರ ಹೊಟ್ಟೆಯಲ್ಲಿ ಮೊಬೈಲಿನ ಸಿಮ್ ಕಾರ್ಡು, ಬೆನ್ನಿನಲ್ಲಿ ಒಂದು ತೂತು. ಫ್ಯಾಕ್ಸಿನ ವೈರನ್ನು ಆ ತೂತಿಗೆ ಚುಚ್ಚಿದರೆ ಯಂತ್ರಕ್ಕೆ ತಾನು ಹಳೆಯ ತಂತಿಯಲ್ಲೇ ಮಾತಾಡುತ್ತಿದ್ದೇನೆ ಅನಿಸುತ್ತದೆ. ಪಾಪ, ಅದಕ್ಕೆ ಸುದ್ದಿ ಗೊತ್ತಿಲ್ಲ. ಸತ್ತವರಿಗೆ ತಾವು ಸತ್ತದ್ದು ಕೆಲವು ದಿನ ಗೊತ್ತಾಗುವುದಿಲ್ಲವಂತೆ, ಹಾಗೆ.

ಡಬ್ಬಿಗೆ ನೆಟ್‌ವರ್ಕು ಸಿಗುವುದು ಇಡೀ ಮನೆಯಲ್ಲಿ ದೇವರ ಕೋಣೆಯ ಕಿಟಕಿಯಲ್ಲಿ ಮಾತ್ರ! ಹೀಗಾಗಿ ದೇವರ ಪಕ್ಕದಲ್ಲಿ ಡಬ್ಬಿ, ಡಬ್ಬಿಯ ಪಕ್ಕದಲ್ಲಿ ಫ್ಯಾಕ್ಸು, ಅದರ ಮೇಲೆ ಗೋಡೆಯಲ್ಲಿ ನಮ್ಮ ಯಜಮಾನರ ಫೋಟೋ. ಯಂತ್ರ ಕೊಂಡವರು ಅವರೇ. ಕಳಿಸಿದ ಪ್ರತಿ ಹಾಳೆಯ ನೆತ್ತಿಯ ಮೇಲೆ ಅವರ ಹೆಸರು ತಾನಾಗಿ ಅಚ್ಚಾಗುತ್ತದೆ. ಅವರು ಹೋಗಿ ಎಷ್ಟೋ ವರ್ಷವಾದರೂ ಮಗ ಆ ಹೆಸರು ತೆಗೆದಿಲ್ಲ. ಅಪ್ಪನ ಮೇಲಿನ ಪ್ರೀತಿ ಎನ್ನುತ್ತಾನೆ. ತೆಗೆಯಲು ಅವನಿಗೆ ಬರುವುದಿಲ್ಲ, ಅಷ್ಟೇ.

ಈಗ ನನ್ನ ಅಣ್ಣನ ವಿಷಯ. ಹೆಸರು ಬಸವಂತಪ್ಪ. ನಾಶಿಕದಲ್ಲಿ ಲಾರಿ ಟ್ರಾನ್ಸ್‌ಪೋರ್ಟ್ ಆಫೀಸು ನಡೆಸುತ್ತಾನೆ. ಒಡಹುಟ್ಟಿದವರಲ್ಲಿ ಉಳಿದಿರುವವರು ನಾವಿಬ್ಬರೇ. ಅವನಿಗೆ ಕಿವಿ ಪೂರ್ತಿ ಹೋಗಿದೆ, ಹಠ ಪೂರ್ತಿ ಇದೆ. ಮದುವೆಯ ಪತ್ರಿಕೆಯನ್ನು ಮಗನೇ ಹೋಗಿ, ನಾಲ್ಕು ಮೂಲೆಗೆ ಅರಿಶಿನ ಕುಂಕುಮ ಹಚ್ಚಿ, ಕೈಯಲ್ಲಿ ಕೊಟ್ಟು ಬರಬೇಕಿತ್ತು. ಅವನು ಹೋಗಲಿಲ್ಲ. ಮೊಬೈಲಿನಲ್ಲಿ ಪತ್ರಿಕೆಯ ಚಿತ್ರ ಕಳಿಸಿ ಕೈ ತೊಳೆದುಕೊಂಡ. ಮರುದಿನವೇ ಅಣ್ಣನ ಮಗ ಉಮೇಶ ನನಗೆ ಫೋನು ಮಾಡಿದ.

"ಅತ್ತೀ, ಅಪ್ಪಾ ಮದುವಿಗಿ ಬರಂಗಿಲ್ಲ ಅಂತಾರ. ಕುಂಕುಮ ಇಲ್ಲದ ಪತ್ರಿಕಿ ನನಗ್ಯಾಕ, ನಾ ಏನ್ ದಾರಿಹೋಕನೇನು ಅಂತ ಒದರ್ಲಕತ್ತಾರ."

ನಾನು ಮಗನನ್ನು ಹಿಡಿದೆ. "ಯಾಕೋ, ಹೋಗಲಕ್ಕ ಏನಾಗಿತ್ತು ನಿನಗ?"

"ಟೈಮೇ ಸಿಗಲಿಲ್ಲವ್ವಾ. ಈಗಂತೂ ನಾಶಿಕದ ಫೋನ್ ಬಂದ್ರ ಎತ್ತಲಾಕ ಹೆದರಿಕಿ. ನಾ ಎತ್ತದೇ ಇಲ್ಲ."

ಮಂಟಪದಲ್ಲಿ ಉಡುಗೊರೆಗೆ ತವರಿನವರು ಬರ್ರಿ ಎಂದು ಕೂಗಿದಾಗ ನನ್ನ ಕಡೆಯಿಂದ ಏಳುವವರು ಯಾರೂ ಇಲ್ಲ ಎಂದರೆ ಹೇಗೆ? ಅಳು ಬರಲಿಲ್ಲ. ನನಗೆ ಅಳು ಸುಲಭವಾಗಿ ಬರುವುದಿಲ್ಲ. ಸಿಟ್ಟು ಬಂತು. ಸಿಟ್ಟಿನಲ್ಲಿ ಉಪಾಯ ಹೊಳೆಯಿತು. ಅಣ್ಣನ ಆಫೀಸಿನಲ್ಲೂ ಫ್ಯಾಕ್ಸಿದೆ! ಕಿವಿ ಹೋದ ಮೇಲೆ ಅವನು ನಂಬುವುದು ಅದೊಂದನ್ನೇ. ಕಾಗದ ಕೈಗೆ ಬರಬೇಕು ಎನ್ನುತ್ತಾನಲ್ಲ, ಬರಲಿ!

ಅಚ್ಚಾದ ಪತ್ರಿಕೆ ರಟ್ಟಿನಷ್ಟು ದಪ್ಪ, ಯಂತ್ರದ ಬಾಯಿಗೆ ಹೋಗಲಿಲ್ಲ. ಬಿಳಿ ಹಾಳೆ ತಂದು ನಾನೇ ಬರೆದೆ. ಮೇಲೆ ದೊಡ್ಡದಾಗಿ ನನ್ನ ಹೆಸರು, ಕಾಶಮ್ಮ. ಅದರ ಕೆಳಗೆ, ಅಣ್ಣಾ, ಸೋಮವಾರ ಮೊಮ್ಮಗಳ ಮದುವೆ, ತಪ್ಪದೆ ಬರಬೇಕು, ಎಂದು. ಇಷ್ಟು ಬರೆಯಲು ಒಂದು ಚಹಾ ಆರಿ ಹೋಯಿತು. ಆಮೇಲೆ ನಾಲ್ಕು ಮೂಲೆಗೆ ಅರಿಶಿನ ಕುಂಕುಮ. ವಿಧವೆ ಕುಂಕುಮ ಮುಟ್ಟಬಾರದು ಎನ್ನುವವರು ಎನ್ನಲಿ. ನಾನು ಮುಟ್ಟಿದೆ. ನೀರಿನಲ್ಲಿ ಕಲಸಿ, ಹೆಬ್ಬೆರಳಿನಿಂದ, ಕೈ ಬಿಚ್ಚಿ ಹಚ್ಚಿದೆ. ಅಣ್ಣ ಮತ್ತೆ ಕೊರತೆ ತೆಗೆಯಬಾರದು.

ಪಕ್ಕದ ಮನೆಯ ವನಜಕ್ಕ ಬಂದು ಬಾಗಿಲಲ್ಲಿ ನಿಂತಿದ್ದಳು. ಉಡುಪಿ ಕಡೆಯವಳು. ಚೌಕದ ಸಸ್ಯಾಹಾರಿ ಹೋಟೆಲು ಅವಳ ಗಂಡನದು.

"ಅಮ್ಮ, ಅದರಲ್ಲಿ ಕುಂಕುಮ ಎಲ್ಲ ಹೋಗ್ತದಾ?"

"ಅಕ್ಷರ ಹೋಗತಾವ ಅಂದ್ರ ಕುಂಕುಮಕ್ಕ ಏನು ದಾಡಿ?" ಎಂದೆ. ಹಸಿರು ಗುಂಡಿ ಒತ್ತಿದೆ.

ಹಾಳೆ ಒಳಗೆ ಹೋಯಿತು. ಯಂತ್ರ ಮೊದಲು ಕುಂಯ್ ಎಂದಿತು. ಆಮೇಲೆ ಒಂದು ಉದ್ದನೆಯ ಕೂಗು ತೆಗೆಯಿತು ನೋಡಿ, ಯಾರೋ ಬಾವಿಯ ತಳದಿಂದ ಕರೆದಂತೆ. ಆ ಕಡೆಯಿಂದ ಅಂಥದೇ ಮತ್ತೊಂದು ಕೂಗು ಬಂತು. ಎರಡೂ ಸ್ವಲ್ಪ ಹೊತ್ತು ಹಾಗೇ ಕೂಗಾಡಿ ಥಟ್ಟನೆ ಸತ್ತುಹೋದವು. ಯಂತ್ರದಿಂದ ಸಣ್ಣ ಚೀಟಿಯೊಂದು ಹೊರಬಂತು. ಇಂಗ್ಲಿಷಿನಲ್ಲಿತ್ತು. ಚೀಟಿ ಬಂತೆಂದರೆ ರಸೀದಿ ಬಂದಂತೆ! ಮಡಚಿ ದೇವರ ಮುಂದೆ ಇಟ್ಟೆ.

ವನಜಕ್ಕ ಹೊಸ್ತಿಲು ದಾಟಲೇ ಇಲ್ಲ. "ಇದಕ್ಕೆ ಜೀವ ಉಂಟಾ ಎಂತ ಮಾರಾಯ್ರೆ? ಯಜಮಾನ್ರ ಫೋಟೋ ನಡುಗಿತು, ನಾನು ಕಂಡೆ."

"ಬದುಕಿದ್ದಾಗೂ ಅವರು ಇದರ ಸಪ್ಪಳಕ್ಕ ನಡುಗತಿದ್ರು, ಸುಮ್ಮನ ನಡಿ" ಎಂದೆ.

ಮಧ್ಯಾಹ್ನ ಮನೆಯಲ್ಲಿ ಯಾರೂ ಇರಲಿಲ್ಲ. ಎಲ್ಲರೂ ಬಟ್ಟೆ ತರಲು ಹೋಗಿದ್ದರು. ನಾನು ಪಡಸಾಲೆಯಲ್ಲಿ ಅಡ್ಡಾಗಿದ್ದೆ. ದೇವರ ಕೋಣೆಯಲ್ಲಿ ಅದು ಮತ್ತೆ ಕೂಗಿತು! ಹೋಗಿ ನೋಡಿದೆ. ಯಂತ್ರದ ಬಾಯಲ್ಲಿ ಕಾಗದವಿಲ್ಲ, ಗುಂಡಿ ಒತ್ತಿದವರಿಲ್ಲ. ಡಬ್ಬಿಯ ಹಸಿರು ದೀಪ ತಾನೇ ಕಣ್ಣು ಮಿಟುಕಿಸುತ್ತಿತ್ತು. ಯಂತ್ರ ತಾನೇ ನಂಬರು ಒತ್ತಿಕೊಳ್ಳುತ್ತಿತ್ತು, ಟಿಕ್ ಟಿಕ್ ಟಿಕ್. ಆಮೇಲೆ ಆ ಕೂಗು. ನಾನು ಹೊರಗೆ ಬಂದೆ. ಸ್ವಲ್ಪ ಹೊತ್ತಿಗೆ ಮತ್ತೆ. ಸಂಜೆಯವರೆಗೆ ಅದು ಹೀಗೇ ಎಬ್ಬಿಸಿದಂತೆ ಎದ್ದು, ಯಾರನ್ನೋ ಕರೆದು, ಸುಮ್ಮನಾಗುತ್ತಿತ್ತು. ನಾನು ಫೋಟೋದ ಮುಂದೆ ನಿಂತು, "ಸುಮ್ಮ ಕೂಡ್ರಿ ಇನ್ನ, ಸಾಕು" ಎಂದು ಗದರಿಸಿದೆ. ಅವರು ಕೇಳಲಿಲ್ಲ. ಮೊದಲೂ ಕೇಳುತ್ತಿರಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಯಂತ್ರದಿಂದ ಒಂದು ಹಾಳೆ ಬಂತು. ನಾಶಿಕದಿಂದ! ಅರ್ಧ ಹಾಳೆ ಬರೀ ಮಸಿ. ನಡುವೆ ಅಣ್ಣನ ನಡುಗುವ ಅಕ್ಷರದಲ್ಲಿ ಒಂದೇ ಸಾಲು. ನಾ ಬರೋತನಕ ತಡೀರಿ.

ನನಗೆ ಆದ ಖುಷಿ ಏನು ಹೇಳಲಿ! ಅಣ್ಣ ಬರುತ್ತಾನೆ! ಮದುವೆ ಇರುವುದು ಸೋಮವಾರ, ಇಷ್ಟೊಂದು ಅವಸರ ಏಕೆ ಎಂದು ಒಂದು ಕ್ಷಣ ಅನಿಸಿತು, ಸುಳ್ಳಲ್ಲ. ಆದರೆ ಗೆದ್ದವರು ಅಷ್ಟೆಲ್ಲ ಯೋಚನೆ ಮಾಡುವುದಿಲ್ಲ. ಮಗನ ಮುಂದೆ ಹಾಳೆ ಹಿಡಿದು, "ಮೂರನೇ ಇಯತ್ತಿ ಕಲತಾಕಿ ಮಾಡಿದ ಕೆಲಸ ನೋಡು" ಎಂದೆ. ಅವನು ತಲೆ ತಗ್ಗಿಸಿದ.

ಮರುದಿನ ಬೆಳಗ್ಗೆ ಎದ್ದಾಗ ಏನೋ ಸರಿ ಇರಲಿಲ್ಲ. ಚಳಿಗಾಲದ ಮಂಜು ಅಂಗಳದ ಬೇವಿನ ಮರವನ್ನು ಅರ್ಧ ನುಂಗಿತ್ತು. ನನ್ನ ಮೊಣಕಾಲು ನೋಯುತ್ತಿರಲಿಲ್ಲ! ಎಷ್ಟೋ ವರ್ಷದಿಂದ ಒಂದು ದಿನವೂ ನೋವು ತಪ್ಪಿಸದ ಮೊಣಕಾಲು. ತಲೆ ಮೇಲೆ ಸ್ನಾನ ಮಾಡಿ, ಬಿಳಿ ಸೀರೆ ಉಟ್ಟು, ವಿಭೂತಿ ಹಚ್ಚಿಕೊಂಡು, ಕೂದಲು ಬಿಟ್ಟುಕೊಂಡು ಮೊಮ್ಮಗಳನ್ನು ಕರೆದೆ. "ಪೂಜಾ!" ಅವಳು ಕನ್ನಡಿಯ ಮುಂದೆ ಮುಖಕ್ಕೆ ಏನೋ ಬಿಳಿ ಲೇಪ ಬಳಿದುಕೊಂಡು ಕುಳಿತಿದ್ದಳು. ತಿರುಗಲಿಲ್ಲ. ಮತ್ತೆ ಕರೆದೆ. ಇಲ್ಲ. ಹಾಲಿನವನು ಬಂದ, ಚೀಲ ಗೇಟಿಗೆ ಸಿಕ್ಕಿಸಿದ, ನನ್ನ ಆಚೆ ಇದ್ದ ಗೋಡೆ ನೋಡಿಕೊಂಡು ಹೋದ. ನಾನು ಮಾತಾಡಿಸಿದ್ದೆ! ಬೆಕ್ಕು ಮಾತ್ರ ನನ್ನನ್ನೇ ನೋಡುತ್ತಿತ್ತು. ಅದು ನೋಡದಿದ್ದರೇ ಚೆನ್ನಾಗಿತ್ತು.

ಆಗ ದೇವರ ಕೋಣೆಯಲ್ಲಿ ಯಂತ್ರ ಕೂಗಿತು. ಅದು ನಿಲ್ಲುವ ಮೊದಲೇ ಮಂಜಿನೊಳಗೆ, ಓಣಿಯ ಆ ತುದಿಯಲ್ಲಿ, ಇನ್ನೊಂದು ಕೂಗು. ಈ ಸಲ ಹೆಂಗಸಿನದು.

"ಎಂಥಾಕಿ ಇದ್ದೆವ್ವಾ... ಎಷ್ಟು ಚಲೋ ಇದ್ದೆವ್ವಾ..."

ಯಾರೋ ಹೋಗಿದ್ದಾರೆ! ನಮ್ಮ ಕಡೆ ಹೆಂಗಸರು ಸಾವಿನ ಮನೆಗೆ ಹೊರಟರೆ ಓಣಿಯ ತುದಿಯಿಂದಲೇ ಹಾಡಿಕೊಂಡು ಅಳುತ್ತಾರೆ. ನಾನು ಕಿವಿ ಕೊಟ್ಟೆ.

"ಹಸಿದು ಬಂದೋರಿಗಿ ಬಿಸಿ ರೊಟ್ಟಿ ಹಾಕಿದಾಕೇ... ಯಾರಿಗೂ ಒಂದು ಕಟು ಮಾತ ಆಡಲಿಲ್ಲವ್ವಾ... ಸೊಸೀನ ಮಗಳಂಗ ನೋಡಿದಾಕೇ..."

ಇಷ್ಟು ಒಳ್ಳೆಯ ಹೆಂಗಸು ನಮ್ಮ ಓಣಿಯಲ್ಲಿ ಯಾರಿದ್ದರು? ಒಬ್ಬೊಬ್ಬರನ್ನೇ ನೆನೆದೆ. ಯಾರೂ ಹೊಂದಲಿಲ್ಲ. ಇರಲಿ. ಯಾರು ಸತ್ತರು ಎಂದು ಕೇಳುವುದು ಆಮೇಲೆ, ಮೊದಲು ಅಳಬೇಕು. ಅದು ಮರ್ಯಾದೆ. ಗೇಟು ತೆಗೆದು ಹೊರಗೆ ಬಂದೆ. ಮಂಜಿನಿಂದ ಒಬ್ಬಳು ಮುಖದ ಮೇಲೆ ಸೆರಗು ಎಳೆದುಕೊಂಡು ನಮ್ಮ ಮನೆಯತ್ತಲೇ ಬರುತ್ತಿದ್ದಳು, ಹಿಂದೆ ನಾಲ್ಕಾರು ಗಂಡಸರು. ನಾನು ಹೋಗಿ ಅವಳ ಕೊರಳಿಗೆ ಬಿದ್ದೆ. ಅವಳು ನನ್ನ ಕೊರಳಿಗೆ ಬಿದ್ದಳು. ಅವಳು ಒಂದು ಸಾಲು ಎತ್ತಿದರೆ ನಾನು "ಹೌದವ್ವಾ, ಹೌದವ್ವಾ" ಎಂದು ಎಳೆದೆ. ಎಂದೂ ಬಾರದ ಅಳು ಅಂದು ಧಾರಾಳವಾಗಿ ಬಂತು! ಆ ಪುಣ್ಯವಂತೆ ಯಾರೋ, ಅವಳ ಗುಣಕ್ಕೆ ನನ್ನ ಕರುಳೇ ಕರಗಿಹೋಯಿತು.

"ನಮ್ಮನ್ನೆಲ್ಲ ಬಿಟ್ಟು ಹ್ಯಾಂಗ ಹೋದೆವ್ವಾ, ನನ್ನ ಕಾಶತ್ತೀ..."

ನನ್ನ ಬಾಯಿಂದ ಬರಬೇಕಿದ್ದ "ಹೌದವ್ವಾ" ಅರ್ಧಕ್ಕೇ ನಿಂತಿತು.

ಅವಳು ಸೆರಗು ಸರಿಸಿ ನೋಡಿದಳು. ಇಲ್ಲೇ ಹತ್ತಿರದ ಗಂಗಾಪುರಕ್ಕೆ ಕೊಟ್ಟ ಮಲ್ಲಮ್ಮ, ನನ್ನ ಅಣ್ಣನ ಮಗಳು! ನನ್ನ ಮುಖ ನೋಡಿದಳು, ಬಿಟ್ಟ ಕೂದಲು ನೋಡಿದಳು, ಬಿಳಿ ಸೀರೆ ನೋಡಿದಳು. ಒಂದು ಸದ್ದೂ ಮಾಡದೆ ನನ್ನ ಕೈಯಿಂದ ಜಾರಿ ನೆಲಕ್ಕೆ ಬಿದ್ದಳು.

ವನಜಕ್ಕ ಚೊಂಬು ನೀರು ತಂದು ಚಿಮುಕಿಸಿದಳು. ಮಲ್ಲಮ್ಮ ಕಣ್ಣು ಬಿಟ್ಟವಳೇ, "ಕಾಲ ನೋಡ್ರಿ! ಅತ್ತೀದು ಕಾಲ ನೋಡ್ರಿ, ಹಿಂದ ಮುಂದ ಅದಾವೇನು!" ಎಂದಳು.

ಎಲ್ಲರೂ ನನ್ನ ಕಾಲು ನೋಡಿದರು. ಒಬ್ಬರೂ ನನ್ನನ್ನು ಮಾತಾಡಿಸಲಿಲ್ಲ. "ಉಮೇಶಣ್ಣ ಸುಳ್ಳು ಹೇಳತಾನೇನು?" ಎಂದೊಬ್ಬ. "ನಿನ್ನೆ ಮಧ್ಯಾಹ್ನನೇ ಹೋಗ್ಯಾರಂತ" ಎಂದು ಇನ್ನೊಬ್ಬ. ನನ್ನೆದುರಿಗೇ! ನಾನು ಇಲ್ಲದ ಹಾಗೆ! ಮಂಜು, ನೋಯದ ಮೊಣಕಾಲು, ತಿರುಗದ ಮೊಮ್ಮಗಳು, ಗೋಡೆ ನೋಡಿದ ಹಾಲಿನವನು, ಎಲ್ಲ ಒಮ್ಮೆಗೇ ನೆನಪಾದವು. ಸತ್ತಿದ್ದರೂ ಸತ್ತಿರಬಹುದು. ರಾತ್ರಿ ಮಲಗಿದಲ್ಲೇ ಆಗಿದ್ದರೆ ಯಾರು ಬಂದು ಹೇಳಬೇಕು ನನಗೆ? ಮೆಲ್ಲಗೆ ಸೀರೆ ಎತ್ತಿ ನಾನೂ ನನ್ನ ಕಾಲು ನೋಡಿಕೊಂಡೆ. ಬೆರಳು ಮುಂದಕ್ಕೇ ಇದ್ದವು. ಆದರೂ ಪೂರ್ತಿ ಧೈರ್ಯ ಬರಲಿಲ್ಲ.

ಅಷ್ಟರಲ್ಲಿ ಒಂದು ಜೀಪು ಬಂದು ನಿಂತಿತು. ಉಮೇಶ ಕೈ ಹಿಡಿದು ಅಣ್ಣನನ್ನು ಇಳಿಸಿದ. ಅಣ್ಣನ ಕಂಕುಳಲ್ಲಿ ಒಂದು ಪೊಟ್ಟಣ, ಕೈಯಲ್ಲಿ ಹೂವಿನ ಹಾರ. ಉಮೇಶ ನನ್ನನ್ನು ಕಂಡು ಜೀಪಿಗೇ ಅಂಟಿಕೊಂಡು ನಿಂತ. ಅಣ್ಣ ಮಾತ್ರ ಹೆದರಲಿಲ್ಲ. ನೆಟ್ಟಗೆ ಬಂದು ಎದುರಿಗೆ ನಿಂತ. ನೀರು ತುಂಬಿದ ಕಣ್ಣಿನಿಂದ ನೋಡಿದ.

"ಇನ್ನಾ ಹೋಗಿಲ್ಲೇನವ್ವಾ? ನನ್ನ ಸಲುವಾಗಿ ನಿಂತೀ?" ಎಂದ. ಕಿವುಡರು ಮಾತಾಡುವ ಹಾಗೆ, ಓಣಿಗೆಲ್ಲ ಕೇಳುವಂತೆ. "ತಪ್ಪು ನಂದೇ ಅದ. ಮೊಬೈಲಿನ್ಯಾಗ ಕರದ್ರೇನಾತು, ಬರಬೇಕಾಗಿತ್ತು. ಕುಂಕುಮ ಹಿಡಕೊಂಡು ಕುಂತೆ. ಹಠಾ ಮಾಡಿ ಏನ್ ಗಳಿಸಿದೆ? ಉಳದಾಕಿ ನೀ ಒಬ್ಬಾಕಿ ಇದ್ದಿ."

ಹುಟ್ಟಿದಾಗಿನಿಂದ ನನ್ನ ಅಣ್ಣ ತನ್ನದು ತಪ್ಪು ಎಂದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಬಾಯಿ ತೆರೆದರೆ ನಿಲ್ಲಿಸಿಬಿಡುತ್ತಾನೆ ಎಂದು ಸುಮ್ಮನೆ ನಿಂತೆ. ಇನ್ನೂ ಸ್ವಲ್ಪ ಹೇಳಲಿ ಎನಿಸಿತು. ಸತ್ತಿದ್ದರೆ ಸತ್ತಿರಲಿ, ಅಂಥದ್ದೇನೂ ನಷ್ಟವಿಲ್ಲ!

ಕೆಡಿಸಿದವನು ಮಗ. ಗದ್ದಲ ಕೇಳಿ ಬಾಯಲ್ಲಿ ಬ್ರಷ್ ಇಟ್ಟುಕೊಂಡೇ ಹೊರಗೆ ಬಂದ. "ಮಾಮಾ! ಬರ್ರಿ, ಬರ್ರಿ!" ಎಂದು ನೊರೆ ಉಗುಳಿ ನಕ್ಕ.

ಅಣ್ಣ ಕೆಂಡವಾದ. "ಅವ್ವನ ಹೆಣಾ ಮನ್ಯಾಗಿಟ್ಟಕೊಂಡು ಹಲ್ಲ ತಿಕ್ಕಲಕತ್ತೀಯೇನೋ, ನಾಚಿಕಿಗೇಡಿ?"

ಇನ್ನು ತಡೆಯುವುದು ಸರಿಯಲ್ಲ ಎನಿಸಿ ನಾನು ಅಣ್ಣನ ತೋಳನ್ನು ಬಲವಾಗಿ ಚಿವುಟಿದೆ. ಅವನು "ಅಯ್ಯಯ್ಯೋ" ಎಂದ. ನನ್ನ ಕೈ ಹಿಡಿದು ಒತ್ತಿ ನೋಡಿದ. ಬಿಸಿಯಾಗಿತ್ತು. ಆಮೇಲೆ ಅಂಗಿಯ ಜೇಬಿನಿಂದ ಮಡಚಿದ ಹಾಳೆಗಳನ್ನು ತೆಗೆದು ನನ್ನ ಮುಖಕ್ಕೆ ಹಿಡಿದ. "ಹಂಗಾರ ಇದೇನು?"

ನಾನು ನೋಡಿದೆ. ಹಾಳೆಯ ನೆತ್ತಿಯ ಮೇಲೆ ತೀರಿಹೋದ ಯಜಮಾನರ ಹೆಸರು. ಮೇಲಿನ ಎರಡೂ ಮೂಲೆ ಕರ್ರಗೆ. ನಡುವೆ ದೊಡ್ಡದಾಗಿ ಕಾಶಮ್ಮ. ಮೂಲೆಯಿಂದ ಇಳಿದ ಕಪ್ಪು ಗೆರೆಗಳು ಹೆಸರಿನ ಎರಡೂ ಬದಿಗೆ. ಅದರ ಕೆಳಗೆ ಏನೂ ಇಲ್ಲ. ಅಂಥದೇ ಮತ್ತೊಂದು ಹಾಳೆ, ಇನ್ನಷ್ಟು ಗಿಡ್ಡ. ಅಂಥದೇ ಮಗದೊಂದು. ಮಧ್ಯಾಹ್ನವೆಲ್ಲ ಬಂದವಂತೆ, ಒಂದರ ಹಿಂದೆ ಒಂದು, ಸತ್ತ ಭಾವನ ಹೆಸರಿನಿಂದ. ನಮ್ಮಲ್ಲಿ ಮದುವೆಯ ಕಾಗದದ ಮೂಲೆಗೆ ಕುಂಕುಮ, ಸಾವಿನ ಕಾಗದದ ಮೂಲೆಗೆ ಮಸಿ. ಮೂಲೆ ನೋಡಿದ ಮೇಲೆ ಅಣ್ಣ ಇನ್ನೇನು ಓದುತ್ತಾನೆ?

ಮಗ ಹಾಳೆ ನೋಡಿ ಹಣೆ ಬಡಿದುಕೊಂಡ. "ಅವ್ವಾ, ಫ್ಯಾಕ್ಸಿಗಿ ಬಣ್ಣ ತಿಳಿಯಂಗಿಲ್ಲ. ಕೆಂಪ ಹಾಕಿದ್ರೂ ಕರಿದೇ ಕಾಣತದ. ಹಸೀ ಕುಂಕುಮ ಒಳಗ ಗಾಜಿಗಿ ಮೆತ್ತಿ ಈ ಗೆರಿ ಬಿದ್ದಾವ. ಮ್ಯಾಲ ಮೊಬೈಲ್ ನೆಟ್‌ವರ್ಕ್. ಅದು ಮಂದಿ ಮಾತಿಗಂತ ಮಾಡಿದ್ದು, ಫ್ಯಾಕ್ಸಿನ ಸೀಟಿ ಅದಕ್ಕ ಜೀರ್ಣ ಆಗಂಗಿಲ್ಲ, ನಡುವ ಕಡದುಬಿಡತದ. ಕಡದ್ರ ಮಿಶಿನ್ನು ಹಾಳೀನ ನೆನಪಿಟ್ಟಕೊಂಡು ತಾನೇ ಮತ್ತ ಮತ್ತ ಹಚ್ಚತದ."

"ಮತ್ತ ಚೀಟಿ ಬಂತಲ್ಲ?"

"ಹೋಗಿಲ್ಲ ಅಂತ ಹೇಳೋ ಚೀಟಿ ಅದು!"

ಉಮೇಶ ಈಗ ಜೀಪು ಬಿಟ್ಟು ಬಂದ. "ಈ ಹಾಳಿ ಬಂದ ನಂಬರಿಗಿ ನಾ ಎಷ್ಟು ಸಲ ಹಚ್ಚಿದೆ ಅತ್ತೀ! ಹಚ್ಚಿದಾಗೊಮ್ಮೆ ಯಾರೋ ಚೀರಿ ಅಳೋದೇ ಕೇಳತಿತ್ತು. ಈಗ ಓಣಿಗಿ ಬರೋಮುಂದನೂ ಹಚ್ಚಿದ್ದೆ. ರಾಜಣ್ಣ ಅಂತೂ ಫೋನೇ ಎತ್ತಲಿಲ್ಲ. ಸತ್ತವರ ಫೋನಿಗಿ ಹ್ಯಾಂಗ ಹಚ್ಚಲಿ? ಸಾವಿನ ಮನಿ, ಇನ್ಯಾರಿಗಿ ಕೇಳಬೇಕು?"

ನಾನು ಮಗನನ್ನು ನೋಡಿದೆ. ಅವನು ಬ್ರಷ್ ನೋಡಿದ.

ಇಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ಅಣ್ಣ ಕಣ್ಣು ಒರೆಸಿಕೊಂಡ, ಧೋತರ ಸರಿಪಡಿಸಿಕೊಂಡ, ಜೀಪಿನ ಕಡೆ ತಿರುಗಿದ.

"ಎಲ್ಲಿಗಿ ನಡದಿ?" ಎಂದು ಕೈ ಮಾಡಿ ಕೇಳಿದೆ.

"ನಾಶಿಕಕ್ಕ. ಸಾವಿಗಿ ಕರಿಯೋದು ಬ್ಯಾಡ, ಸುದ್ದಿ ಸಿಕ್ರ ಸಾಕು, ಬಂದೆ. ಮದುವಿಗಿ ಕರೀಬೇಕಾಗತದ. ಎಲ್ಲಿ ಅದ ಕುಂಕುಮದ ಪತ್ರಿಕಿ?"

ಎರಡು ನಿಮಿಷದ ಹಿಂದೆ ತಪ್ಪು ಒಪ್ಪಿಕೊಂಡವನು ಇವನೇ! ಆದರೆ ಅದು ಸತ್ತವಳ ಮುಂದೆ. ಬದುಕಿದವಳಿಗೆ ಆ ಸವಲತ್ತು ಇಲ್ಲ. ಪೂಜಾ ಓಡಿ ಪತ್ರಿಕೆ ತಂದಳು. ಮುಖದ ತುಂಬ ಬಿಳಿ ಲೇಪ, ಕಿವಿಯಲ್ಲಿ ಹಾಡು ಕೇಳುವ ಗುಬ್ಬಿ. ನಾನು ಕರೆದದ್ದು ಕೇಳದಿರಲು ಕಾರಣ ಅದು. ಅವಳ ಮುಖ ನೋಡಿ ಮಲ್ಲಮ್ಮ ಮತ್ತೊಮ್ಮೆ ಬೀಳುವುದರಲ್ಲಿದ್ದಳು.

ಅಣ್ಣ ಕೈ ಹಿಂದೆ ತೆಗೆದುಕೊಂಡ. ಹೆಣ ಮಣ್ಣು ಮಾಡಲೆಂದು ಹೊರಟು ಬಂದ ಮೈ, ಸ್ನಾನ ಮಾಡದೆ ಶುಭದ ಕಾಗದ ಮುಟ್ಟಬಾರದು. ಮದುವೆ ಮನೆಯ ಹೊಸ್ತಿಲನ್ನೂ ತುಳಿಯಬಾರದು. ನಮ್ಮ ಮನೆಯ ಬಚ್ಚಲು ಹೊಸ್ತಿಲಿನ ಒಳಗಿದೆ. ನಾವು ಎಲ್ಲರೂ ನಿಂತು ಯೋಚನೆ ಮಾಡಿದೆವು.

"ನಮ್ಮ ಹೋಟೆಲಿಗೆ ಬನ್ನಿ ಮಾರಾಯ್ರೆ, ಹಂಡೆ ತುಂಬ ಬಿಸಿನೀರು ಉಂಟು" ಎಂದಳು ವನಜಕ್ಕ.

ಹೀಗೆ ನನ್ನ ಮಣ್ಣಿಗೆ ಬಂದವರೆಲ್ಲ ಹೋಟೆಲಿನ ಹಿತ್ತಲಲ್ಲಿ ಸಾಲಾಗಿ ಸ್ನಾನ ಮಾಡಿದರು. ಅಣ್ಣ ಇಡ್ಲಿ ತಿಂದು, ಕೈ ತೊಳೆದು, ಕುರ್ಚಿಯ ಮೇಲೆ ನೆಟ್ಟಗೆ ಕುಳಿತ. ಮಗ ಬಗ್ಗಿ ನಮಸ್ಕಾರ ಮಾಡಿ ಪತ್ರಿಕೆ ಕೊಟ್ಟ. ಅಣ್ಣ ಅದನ್ನು ಬೆಳಕಿಗೆ ಹಿಡಿದು ಮೂಲೆಗಳನ್ನು ಒಂದೊಂದಾಗಿ ಪರೀಕ್ಷಿಸಿದ. ಕೆಂಪಗಿದ್ದವು. "ಬರತೀನಿ" ಎಂದ. ಆಗಲೇ ಬಂದಿದ್ದ!

ಮಲ್ಲಮ್ಮನ ಪಕ್ಕ ನಾನು ಕುಳಿತೆ. "ಏನವ್ವಾ, ಎಷ್ಟು ಚಲೋ ಚಲೋ ಮಾತ ಹೇಳಿ ಅತ್ತಿ ನನ್ನ ಸಲುವಾಗಿ" ಎಂದೆ.

ಅವಳು ವಡೆ ಮುರಿಯುತ್ತ ಹೇಳಿದಳು. "ಅದು ಎಲ್ಲಾರಿಗೂ ಅದೇ ಹಾಡರಿ, ಅತ್ತೀ. ಹೆಸರಷ್ಟೇ ಬ್ಯಾರೆ."

ಸೋಮವಾರ ಮಂಟಪದಲ್ಲಿ ತವರಿನವರು ಬರ್ರಿ ಎಂದು ಕೂಗಿದರು. ಅಣ್ಣ ಎದ್ದು ಬಂದ. ನನಗೆ ಬೇಕಾಗಿದ್ದದ್ದು ಅಷ್ಟೇ, ಅದು ಸಿಕ್ಕಿತು. ಅವನು ಅಂದು ಕಂಕುಳಲ್ಲಿ ತಂದಿದ್ದ ಪೊಟ್ಟಣ ಬಿಚ್ಚಿ ನನ್ನ ಮಡಿಲಿಗೆ ಸೀರೆ ಹಾಕಿದ. ಅಚ್ಚ ಬಿಳಿ, ಒಳ್ಳೆಯ ಮೆತ್ತನೆಯ ಹತ್ತಿ. ಹೆಂಗಸು ಸತ್ತಾಗ ಮೈಮೇಲೆ ಹೊದಿಸುವ ಕಡೆಯ ಸೀರೆ ತವರಿನಿಂದಲೇ ಬರಬೇಕಲ್ಲ, ಅದು. ಬೇರೆ ತರಬಾರದಿತ್ತೇ ಎಂದರೆ, "ತವರಿಂದ ಸೀರಿ ಹೊಂಟದ ಅಂದ್ರ ಮುಗೀತು, ಎರಡೆರಡ್ಯಾಕ?" ಎನ್ನುತ್ತಾನೆ. ಅಣ್ಣ ಕೊಟ್ಟದ್ದು, ಅಲ್ಲೇ ಕೋಣೆಗೆ ಹೋಗಿ ಉಟ್ಟುಕೊಂಡು ಬಂದೆ.

ಹೆಂಗಸರೆಲ್ಲ ಸುತ್ತ ನೆರೆದರು, ಸೆರಗು ಹಿಡಿದು ನೋಡಿದರು. "ಎಷ್ಟು ಮೆತ್ತಗ ಅದರಿ! ಯಾವ ದುಕಾನದಾಗ ತಗೊಂಡ್ರಿ?" ಎಂದು ಬೀಗಿತ್ತಿ ಅಣ್ಣನನ್ನು ಕೇಳಿದಳು. ಅವನಿಗೆ ಕೇಳಲಿಲ್ಲ. ಅವಳು ಜೋರಾಗಿ ಕೇಳಿದಳು. ನಾನು ಬೇಡ ಬೇಡ ಎಂದು ಕೈ ಬೀಸುವುದರೊಳಗೆ ಉಮೇಶ ಅವನ ಕಿವಿಯಲ್ಲಿ ಒದರಿದ. ಅಣ್ಣನಿಗೆ ಈ ಸಲ ತಿಳಿಯಿತು. ವಾದ್ಯದ ಗದ್ದಲವನ್ನೂ ಮೀರಿ ಇಡೀ ಮಂಟಪಕ್ಕೆ ಸಾರಿದ.

"ಮಣ್ಣಿಗಿ ಹೊಚ್ಚಲಾಕ ತಂದಿದ್ದೆ! ಬದುಕ್ಯಾಳ, ಅದಕ್ಕ ಉಟ್ಟಾಳ!"

ವಾದ್ಯ ನಿಂತಿತು. ಸೆರಗು ಹಿಡಿದಿದ್ದ ಕೈಗಳೆಲ್ಲ ಒಮ್ಮೆಗೇ ಬಿಟ್ಟವು. ನನ್ನ ಸುತ್ತ ಒಂದು ಖಾಲಿ ಜಾಗ ಆಯಿತು, ಅದರ ನಡುವೆ ನಾನೊಬ್ಬಳೇ ಬೆಳ್ಳಗೆ ನಿಂತಿದ್ದೆ. ಬೀಗಿತ್ತಿ, ಏನಾದರೂ ಹೇಳಬೇಕಲ್ಲ ಎಂದು, "ನಿಮಗ ಭಾಳ ಒಪ್ಪತದರಿ" ಎಂದಳು.

ಮದುವೆಯ ಫೋಟೋಗಳು ಬಂದಿವೆ. ಎಲ್ಲದರಲ್ಲೂ ನಾನು ಅದನ್ನೇ ಉಟ್ಟು ಹಲ್ಲಿಲ್ಲದ ಬಾಯಿ ಬಿಟ್ಟು ನಗುತ್ತಿದ್ದೇನೆ. ಬೀಗಿತ್ತಿ ಸುಳ್ಳು ಹೇಳಿರಲಿಲ್ಲ. ಇಷ್ಟು ವರ್ಷದಲ್ಲಿ ನನಗೆ ಇಷ್ಟು ಒಪ್ಪಿದ ಸೀರೆ ಇನ್ನೊಂದಿಲ್ಲ. ಉಟ್ಟದ್ದು ಸ್ವಲ್ಪ ಬೇಗವಾಯಿತು, ಅಷ್ಟೇ.